ದೊಡ್ಡವ್ವನ ಥೂ

ನಮ್ಮ ದೊಡ್ಡವ್ವ ಉಗಿದಳು ಅಂದ್ರೆ ಆವತ್ತು ಊರಲ್ಲಿ ಯಾರೋ ಒಬ್ಬರಿಗೆ ಗಂಟಲಲ್ಲಿ ಅನ್ನ ಇಳೀತಿರಲಿಲ್ಲ. ಹೆಚ್ಚು ಮಾಡಿ ಹೇಳ್ತಿಲ್ಲ, ಕಣ್ಣಾರೆ ಕಂಡಿದ್ದೀನಿ. ದೊಡ್ಡವ್ವ ಅಂದ್ರೆ ನನ್ನ ಅವ್ವನ ಅಕ್ಕ. ಅವ್ವ ಬೇಗ ಹೋದ್ಮೇಲೆ ನನ್ನ ತಲೆ ಬಾಚಿ, ಬೈದು, ಹೊಡೆದು, ಉಣ್ಣಿಸಿ ಬೆಳೆಸಿದವಳು ಅವಳೇ. ಪಿರಿಯಾಪಟ್ಟಣ ದಾಟಿ ಕೊಪ್ಪದ ಕಡೆ ಹೋಗುವಾಗ ದೊಡ್ಡ ರಸ್ತೆ ಬಿಟ್ಟು ಒಳಗೆ ತಿರುಗಿದರೆ ನಮ್ಮೂರು. ಊರ ಕೊನೇಲಿ ಕಟ್ಟೆ, ಅಂದ್ರೆ ಸಣ್ಣ ಕೆರೆ, ಅದರ ಏರಿ ಪಕ್ಕದಲ್ಲೇ ಅವಳ ಮನೆ. ಮಗ, ಸೊಸೆ, ಎರಡು ಹಸ, ಇನ್ನೂ ಕರು ಹಾಕದ ಒಂದು ಕಡಸು, ಒಂದಷ್ಟು ಹೊಗೆಸೊಪ್ಪಿನ ಹೊಲ. ನಾನು ಮದುವೆಯಾಗಿ ಹುಣಸೂರು ಸೇರಿ, ಬಸ್ ಸ್ಟ್ಯಾಂಡ್ ಹಿಂದಿನ ಬೀದೀಲಿ ಬ್ಲೌಸ್ ಹೊಲಿಯೋ ಅಂಗಡಿ ಇಟ್ಟಿದ್ದೀನಿ. ಆಗಾಗ ಊರಿಗೆ ಹೋಗಿ ಅವಳ ಕೈಲಿ ಎರಡು ಮಾತು ಅನ್ನಿಸ್ಕೊಂಡು ಬರದಿದ್ರೆ ನನಗೆ ಸಮಾಧಾನ ಇಲ್ಲ.

ಉಗಿಯೋದು ಅಂದ್ರೆ ಬಾಯಿಗೆ ಬಂದಂಗೆ ಬಯ್ಯೋದು ಅಂತ ಪೇಟೆಯವರು ತಿಳ್ಕೊಂಡಿದ್ದಾರೆ. ನಮ್ಮ ಕೇರೀಲಿ ಅದಕ್ಕೊಂದು ಕ್ರಮ ಇತ್ತು ಕಣ್ರೀ. ಮಾಡಬಾರದ್ದು ಮಾಡಿದವನ ಎದುರಿಗೆ ಹೋಗಿ ನಿಲ್ಲಬೇಕು. ಅವನ ಮುಖಕ್ಕೆ ಉಗೀಬಾರದು. ಎಡಕ್ಕೆ ತಿರುಗಿ ನೆಲಕ್ಕೆ ಉಗಿದು "ಥೂ, ಏಸ್ಗೆ" ಅನ್ನಬೇಕು, ಅಷ್ಟೇ. ಹೇಸಿಗೆ ಅನ್ನೋದನ್ನ ನಮ್ಮ ಕಡೆ ಏಸ್ಗೆ ಅಂತೀವಿ. ತುಳಿದರೆ ಕಾಲು ತೊಳ್ಕೊಂಡೇ ಒಳಗೆ ಬರಬೇಕಾದ ವಸ್ತುವಿಗೆ ಮಾತ್ರ ಆ ಮಾತು, ಮನುಷ್ಯರಿಗೆ ಅಪರೂಪಕ್ಕೆ. ಉಗಿಸ್ಕೊಂಡವನು ತಪ್ಪು ಒಪ್ಕೊಂಡರೆ ತನ್ನ ಕಾಲಲ್ಲೇ ಆ ಉಗುಳಿನ ಮೇಲೆ ಮಣ್ಣು ಎಳೀಬೇಕು. ಎಳೆದರೆ ಮುಗೀತು, ಆಮೇಲೆ ಅದರ ಸುದ್ದಿ ಯಾರೂ ಎತ್ತಂಗಿಲ್ಲ. ಎಳೀದೆ ಹೋದರೆ ಅವನ ಮನೆ ನೀರು ಯಾರೂ ಮುಟ್ಟಲ್ಲ. ಹೀಗೆ ಉಗಿಯೋ ಹಕ್ಕು ಎಲ್ಲರಿಗೂ ಇರಲಿಲ್ಲ. ವಯಸ್ಸಾದ, ನೆಟ್ಟಗೆ ಬಾಳಿದ ಹೆಂಗಸರಿಗಷ್ಟೇ ಇತ್ತು, ಅವರೂ ಅದನ್ನ ಸುಮ್ಸುಮ್ನೆ ಖರ್ಚು ಮಾಡ್ತಿರಲಿಲ್ಲ.

ನಾನು ಲಂಗ ಹಾಕ್ಕೊಳ್ಳೋ ವಯಸ್ಸಲ್ಲಿ ಒಬ್ಬ ಬಸುರಿ ಹೆಂಡ್ತಿಗೆ ಒದ್ದಿದ್ದ. ದೊಡ್ಡವ್ವ ಕೈಲಿದ್ದ ಸಗಣಿ ಕೂಡ ತೊಳೀದೆ ನೇರ ಅವನ ಬಾಗಿಲಿಗೆ ಹೋಗಿ ಉಗಿದು ಬಂದಳು. ಅವಳ ಸೆರಗು ಹಿಡ್ಕೊಂಡು ನಾನೂ ನಿಂತಿದ್ದೆ. ಆಳು ಎತ್ತರ ಇದ್ದ ಗಂಡಸು, ಮೀಸೆ ಬೇರೆ. ಮೊದಲು ಗುರಾಯಿಸಿದ. ಆಮೇಲೆ ಅವನ ಅವ್ವನೇ ಒಳಗಿಂದ ಬಂದು "ಎಳಿಯೋ ಮಣ್ಣ" ಅಂದಾಗ ತಲೆ ಬಗ್ಗಿಸಿ ಎಳೆದ. ಪೊಲೀಸಿನವರು ಬಂದಿದ್ರೂ ಅವನು ಅಷ್ಟು ಕುಗ್ಗಿರ್ತಿರಲಿಲ್ಲ.

ಈಗ ಕಟ್ಟೆ ವಿಷಯಕ್ಕೆ ಬರ್ತೀನಿ. ಯಾವುದೋ ಪೇಟೆಯ ಕೋಳಿ ಅಂಗಡಿಗಳ ಕಸ ಎತ್ತೋಕೆ ಒಬ್ಬ ಆಟೋ ಡ್ರೈವರ್ ಗುತ್ತಿಗೆ ಹಿಡಿದಿದ್ದ. ಗೂಡ್ಸ್ ಆಟೋ ತುಂಬಾ ಪುಕ್ಕ, ಕರುಳು, ಕಾಲು, ತಲೆ ಚೀಲದಲ್ಲಿ ಕಟ್ಟಿ ತಂದು ನಮ್ಮ ಕಟ್ಟೆಗೆ ಸುರಿಯೋಕೆ ಶುರು ಮಾಡಿದ. ಬೆಳಗ್ಗೆ ಎಲ್ಲರೂ ಹಾಲು ಹಾಕೋಕೆ ಡೈರಿಗೆ ಹೋದ ಹೊತ್ತು ನೋಡ್ಕೊಂಡು ಬರೋನು. ನೀರಿನ ಮೇಲೆ ಜಿಡ್ಡು ಕಟ್ತು. ನಾಯಿಗಳು ಕರುಳು ಎಳ್ಕೊಂಡು ಬಂದು ಬಾಗಿಲಲ್ಲೇ ತಿನ್ನೋವು. ಹಸಗಳು ಕಟ್ಟೆ ಹತ್ರ ಹೋಗಿ ಮೂಸಿ ಹಿಂದಕ್ಕೆ ಬರೋವು. ಮೊದಲೆಲ್ಲ ಅಲ್ಲೇ ನೀರು ಕುಡಿದು, ಅಲ್ಲೇ ಮೈ ತೊಳೆಸ್ಕೊಂಡು ಬರ್ತಿದ್ದ ಹಸಗಳು. ಈಗ ದೊಡ್ಡವ್ವ, ಸೊಸೆ ಇಬ್ಬರೂ ದೂರದ ಬೋರ್‌ವೆಲ್ಲಿಂದ ಬಿಂದಿಗೇಲಿ ಹೊರಬೇಕು. ಹಸ ಒಂದು ಸಲಕ್ಕೆ ಕುಡಿಯೋ ನೀರು ಎಷ್ಟು ಅಂತ ಹೊತ್ತವರಿಗೇ ಗೊತ್ತು. ಪಂಚಾಯ್ತಿಗೆ ಹೇಳಿ ಆಯ್ತು, ಅವರು ನೋಡ್ತೀವಿ ಅಂದದ್ದೂ ಆಯ್ತು.

ಕೊನೆಗೆ ಊರಿನವರು ಕೊಪ್ಪದಲ್ಲಿ ಮೊಬೈಲ್ ಅಂಗಡಿ ಇಟ್ಟಿರೋ ಒಬ್ಬನನ್ನ ಕರೆಸಿದರು. ಅವನು ನಮ್ಮ ಸೀಮೆ ಸುದ್ದಿ ಹಾಕೋ ಒಂದು ಪೇಜ್ ನಡೆಸ್ತಾನೆ. ಕಟ್ಟೆ ಗತಿ ತೋರಿಸಿದ್ರೆ ಮೇಲಿನವರಾದ್ರೂ ನೋಡ್ತಾರೆ ಅಂತ ಆಸೆ. ಅವನು ವಿಡಿಯೋ ಮಾಡ್ತಿರುವಾಗಲೇ ಆ ಆಟೋ ಬಂತು. ದೊಡ್ಡವ್ವ ಅಡ್ಡ ಹೋಗಿ ನಿಂತಳು. ಡ್ರೈವರ್ ಇಳಿದ, ಮೂವತ್ತು ದಾಟಿರೋ ಆಸಾಮಿ, ಕಿವೀಲಿ ಇಯರ್‌ಫೋನು. "ಏನಜ್ಜಿ?" ಅಂದ. ದೊಡ್ಡವ್ವ ಎಡಕ್ಕೆ ತಿರುಗಿ ಉಗಿದು, "ಥೂ, ಏಸ್ಗೆ!" ಅಂದಳು. ಅವಳ ಕತ್ತಿನ ನರ ಎದ್ದಿತ್ತು, ಕಣ್ಣು ಕೆಂಪಾಗಿತ್ತು. ಡ್ರೈವರ್ ನಕ್ಕು, ಚೀಲ ಉರುಳಿಸಿ ಹೋದ.

ಆ ವಿಡಿಯೋ ಹತ್ತಿಕೊಂಡು ಬಿಡ್ತು. ಹುಣಸೂರಲ್ಲಿ ನನ್ನ ಗಿರಾಕಿಗಳೇ ನನಗೆ ತೋರಿಸೋಕೆ ಶುರು ಮಾಡಿದರು. ನಾನು ಹಿಗ್ಗಿ ಊರಿಗೆ ಓಡಿ ದೊಡ್ಡವ್ವನಿಗೆ ತೋರಿಸಿದೆ.

"ಎಸ್ಟ್ ಜನ ನೋಡವ್ರೆ?"

"ಲಕ್ಷಗಟ್ಟಲೆ ದೊಡ್ಡವ್ವ."

"ಲಕ್ಸ ಜನದ ಎದ್ರಿಗೆ ಉಗಿಸ್ಕಂಡವ್ನೆ ಅನ್ನು. ಬುಡು ಅಂಗಾರೆ. ಇನ್ನ ಮಣ್ಣು ಎಳೀದೆ ಎಲ್ಲೋದಾನು?"

ಪಾಪ, ಅವಳ ಲೆಕ್ಕ ಅದು. ಒಂದು ಕೇರಿ ನೋಡಿದ್ರೇ ಗಂಡಸರು ಕುಗ್ತಿದ್ದ ಕಾಲ ಕಂಡವಳು. ಲಕ್ಷ ಜನ ನೋಡಿದ್ಮೇಲೆ ಅವನು ಊಟ ಬಿಟ್ಟು ಓಡಿ ಬರ್ತಾನೆ ಅಂತ ನಂಬಿಬಿಟ್ಟಳು. ತಾನು ಉಗಿದ ಜಾಗದಲ್ಲಿ ಕಸ ಗುಡಿಸಬ್ಯಾಡ, ನೀರು ಚಿಮುಕಿಸಬ್ಯಾಡ ಅಂತ ಸೊಸೆಗೆ ಕಟ್ಟಪ್ಪಣೆ ಮಾಡಿದಳು. ಅವನು ಬಂದು ಮಣ್ಣು ಎಳೀಬೇಕಲ್ಲ, ಅದಕ್ಕೆ. ಬೆಳಗ್ಗೆ ಕಟ್ಟೆ ಏರಿ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಕಾಯ್ಕೊಂಡು ಕೂರೋಳು. ಆಟೋ ಬರೋದು, ಚೀಲ ಉರುಳೋದು, ಆಟೋ ಹೋಗೋದು. ಅವನ ಮುಖದಲ್ಲಿ ನಾಚಿಕೆ ಹುಡುಕಿ ಹುಡುಕಿ ಅವಳಿಗೆ ಸುಸ್ತಾಯ್ತು.

ನನಗೆ ಅಸಲು ಸಂಗತಿ ಗೊತ್ತಾಗಿದ್ದು ಅಂಗಡೀಲಿ. ಒಬ್ಬಳು ಕಾಲೇಜು ಹುಡುಗಿ ಬ್ಲೌಸಿಗೆ ಅಳತೆ ಕೊಡೋಕೆ ಬಂದಿದ್ದಳು. ಬೆಂಚಿನ ಮೇಲೆ ಕೂತು ಮೊಬೈಲ್ ನೋಡ್ತಿದ್ದಳು. ಅದರೊಳಗಿಂದ ನಮ್ಮ ದೊಡ್ಡವ್ವನ ಗಂಟಲು, "ಥೂ, ಏಸ್ಗೆ!" ಬಗ್ಗಿ ನೋಡಿದ್ರೆ ಕಟ್ಟೆ ಇಲ್ಲ, ಆಟೋ ಇಲ್ಲ, ದೊಡ್ಡವ್ವನೂ ಇಲ್ಲ. ಯಾರೋ ಹೆಣ್ಣುಮಗಳು ಮೋಮೋ ತಟ್ಟೆ ಮುಂದೆ ಇಟ್ಕೊಂಡು, ಒಂದು ಬಾಯಿಗೆ ಹಾಕ್ಕೊಂಡು, ಕಣ್ಣು ಮುಚ್ಚಿ, ದೊಡ್ಡವ್ವನ ದನಿಗೆ ತುಟಿ ಆಡಿಸ್ತಿದ್ದಾಳೆ.

"ಏನಮ್ಮ ಇದು? ತಿನ್ನೋದರ ಮುಂದೆ ಹಿಂಗನ್ನೋದಾ?" ಅಂದೆ.

"ಅಯ್ಯೋ ಆಂಟಿ, ಏಸ್ಗೆ ಅಂದ್ರೆ ಈಗ ಸೂಪರ್ ಅಂತ. ಚೆನ್ನಾಗಿದೆ ಅಂತ ಚೆನ್ನಾಗೇ ಹೇಳಿದ್ರೆ ಯಾರೂ ನಂಬಲ್ಲ. ದುಡ್ಡು ಕೊಟ್ಟು ಹೇಳಿಸಿದ್ದಾರೆ ಅಂತಾರೆ. ಏಸ್ಗೆ ಅಂದ್ರೆ ಒರಿಜಿನಲ್."

ಒಳ್ಳೇ ಹುಡುಗಿ, ಕೆಟ್ಟ ಮನಸ್ಸಿನವಳಲ್ಲ. ಅವಳು ಹೇಳಿದ್ದರಲ್ಲೂ ಒಂದು ನ್ಯಾಯ ಇತ್ತು. ಹೊಗಳಿಕೆ ಅನ್ನೋದು ಎಲ್ಲ ಕಡೆ ಜಾಹೀರಾತಾಗಿ ಹೋಗಿದೆ. ಆದ್ರೂ ಆವತ್ತು ಕಂಕುಳ ಅಳತೆ ತಪ್ಪು ಬರ್ಕೊಂಡು ಬ್ಲೌಸ್ ಹಾಳು ಮಾಡಿದೆ.

ಆಮೇಲೆ ಎಲ್ಲಿ ನೋಡಿದ್ರೂ ಅದೇ. ಹೊಸ ಬೈಕು ತಗೊಂಡವನಿಗೆ "ಏಸ್ಗೆ ಗುರು". ಕ್ರಿಕೆಟ್ಟಲ್ಲಿ ಸಿಕ್ಸ್ ಹೊಡೆದರೆ "ಥೂ ಏಸ್ಗೆ ಶಾಟು". ನಮ್ಮ ನೆಂಟರ ಗ್ರೂಪಲ್ಲಿ ದೊಡ್ಡವ್ವನ ಮುಖ ಕತ್ತರಿಸಿ ಸ್ಟಿಕ್ಕರ್ ಮಾಡಿ, ಮಗು ಹುಟ್ಟಿದ ಸುದ್ದಿಗೂ ಹಾಕಿದರು, ತಿಥಿ ಊಟ ಚೆನ್ನಾಗಿತ್ತು ಅಂತಾನೂ ಹಾಕಿದರು. ಕಟ್ಟೆ ಮಾತು ಯಾರೂ ಎತ್ತಲಿಲ್ಲ. ಅವಳು ಯಾರಿಗೆ ಉಗಿದಳು, ಯಾಕೆ ಉಗಿದಳು, ಅದೆಲ್ಲ ಮೊದಲೇ ಕತ್ತರಿಸಿ ಹೋಗಿತ್ತು. ಉಳಿದದ್ದು ಗಂಟಲು ಮಾತ್ರ.

ಹಾಗಂತ ಮೊಬೈಲಿನ ಜನಕ್ಕೆ ಅಸಹ್ಯ ಅನ್ನೋದೇ ಹೋಯ್ತಾ ಅಂದ್ರೆ, ಎಲ್ಲಿ ಹೋಯ್ತು? ಅದು ಇನ್ನೆಲ್ಲೋ ಹೋಗಿ ಕೂತಿದೆ. ಎಚ್.ಡಿ. ಕೋಟೆ ಕಡೆ ಕಾಡಂಚಿನ ಆದಿವಾಸಿ ಹಾಡಿಯ ಒಬ್ಬ ಹೆಣ್ಣುಮಗಳು ಏಡಿ ಹಿಡಿದು, ಒರಳಲ್ಲಿ ರುಬ್ಬಿ, ಖಾರ ಮಾಡೋ ವಿಡಿಯೋ ಹಾಕಿದ್ದಳು. ಎಷ್ಟು ಅಚ್ಚುಕಟ್ಟಾಗಿ ತೊಳೆದಿದ್ದಳು ಅಂತೀರಿ! ನಮ್ಮ ಮನೇಲೂ ಮಳೆಗಾಲದಲ್ಲಿ ಅದೇ ಏಡಿ ಸಾರು, ಮೂಗಲ್ಲಿ ನೀರು ಸುರಿಸ್ಕೊಂಡು ತಿಂತಿದ್ವಿ. ಅದರ ಕೆಳಗೆ ನೋಡಿದ್ರೆ ಸಾಲು ಸಾಲು "ಥೂ", "ಗಲೀಜು", "ವ್ಯಾಕ್", "ಇವರೂ ಮನುಷ್ಯರಾ". ಅಲ್ಲಿ ಮಾತ್ರ ಗಲೀಜು ಅಂದ್ರೆ ಗಲೀಜೇ. ಕಟ್ಟೇಲಿ ಕೊಳೀತಿರೋ ಕರುಳಿಗೆ ನಗು, ತೊಳೆದ ಏಡಿಗೆ ವಾಂತಿ. ನಾನು ತಡ್ಕೊಳ್ಳೋಕಾಗದೆ "ನಿಮ್ಮ ಬಾಯಿಗೆ ಮಣ್ಣು ಹಾಕ, ಮೊದಲು ನಿಮ್ಮ ಮನಸ್ಸು ತೊಳ್ಕೊಳ್ರೋ" ಅಂತ ಬರೆದೆ. ಸ್ವಲ್ಪ ಹೊತ್ತಿಗೆ ಯಾರೋ ಗುರುತಿಲ್ಲದವನು ಉತ್ತರ ಕೊಟ್ಟ. ಅಕ್ಷರ ಒಂದೂ ಇಲ್ಲ, ಬರೀ ಒಂದು ಸ್ಟಿಕ್ಕರ್. ನಮ್ಮ ದೊಡ್ಡವ್ವ, ಕತ್ತಿನ ನರ ಉಬ್ಬಿಸ್ಕೊಂಡು, ನನಗೇ ಥೂ ಅಂತಿದ್ದಾಳೆ. ಮೊಬೈಲ್ ಮಷೀನಿನ ಮೇಲೆ ಇಟ್ಟು ಅತ್ತುಬಿಟ್ಟೆ.

ಅದನ್ನ ತೆಗೆಸೋಕೆ ನನ್ನ ಕೈಲಾದದ್ದೆಲ್ಲ ಮಾಡಿದೆ. ದೂರು ಕೊಡೋ ಗುಂಡಿ ಒತ್ತಿದ್ದೇ ಒತ್ತಿದ್ದು. ನಮ್ಮ ನಿಯಮಕ್ಕೆ ಇದು ವಿರುದ್ಧ ಅಲ್ಲ ಅಂತ ಬಂತು. ಪೇಜಿನವನಿಗೆ ಫೋನ್ ಮಾಡಿದೆ. ಅವನು ನಿಜವಾಗ್ಲೂ ಬೇಜಾರು ಮಾಡ್ಕೊಂಡ. "ಅಕ್ಕಾ, ನಾನು ನನ್ನದು ಅಳಿಸಿದ್ರೂ ಏನೂ ಪ್ರಯೋಜನ ಇಲ್ಲ. ಅದು ಈಗ ಯಾರ ಕೈಲೂ ಇಲ್ಲ" ಅಂದ. ಯಾರ ಕೈಲೂ ಇಲ್ಲ ಅಂದ್ರೆ ಯಾರ ಹತ್ರ ಹೋಗಿ ಜಗಳ ಆಡೋದು? ನಾನು ಜಗಳಗಂಟಿ ಅಂತ ನಮ್ಮ ಬೀದೀಲೇ ಹೆಸರು ತಗೊಂಡವಳು, ಫೋನ್ ಇಟ್ಟು ಮಷೀನ್ ತುಳಿಯೋಕೆ ಕೂತೆ.

ದೊಡ್ಡವ್ವನಿಗೆ ಇದೆಲ್ಲ ಹೇಗೆ ಹೇಳೋದು ಅಂತ ತಡೆದಿದ್ದೆ. ಕೆ.ಆರ್. ನಗರದ ಮದುವೇಲಿ ಅವಳಿಗೇ ಗೊತ್ತಾಯ್ತು. ನಮ್ಮ ದೂರದ ನೆಂಟರ ಮದುವೆ. ಛತ್ರದ ಬಾಗಿಲಲ್ಲೇ ಗುರುತು ಹಿಡಿದರು. "ಅಜ್ಜಿ ಬಂದ್ರು, ಏಸ್ಗೆ ಅಜ್ಜಿ ಬಂದ್ರು" ಅಂತ ಸುತ್ಕೊಂಡು ಸೆಲ್ಫಿ ಮೇಲೆ ಸೆಲ್ಫಿ. ಅವಳು ಮೊದಲು ಕಟ್ಟೆ ವಿಷಯ ಕೇಳ್ತಾರೆ ಅನ್ಕೊಂಡು, "ನೋಡ್ರಪ್ಪ, ಅಸ ನೀರ್ ಮುಟ್ತಿಲ್ಲ" ಅಂತ ಶುರು ಮಾಡಿದಳು. ಕೇಳೋರಿಲ್ಲ. ಊಟಕ್ಕೆ ಕೂತಾಗ ಗಂಡಿನ ಕಡೆಯವನೊಬ್ಬ ಅವಳ ಎಲೆ ಮುಂದೆ ಮೊಬೈಲ್ ಹಿಡಿದ. "ಅಜ್ಜಿ, ಪಾಯಸ ತಿಂದು ಒಂದು ಥೂ ಅನ್ನಿ, ನಮ್ಮ ಮದುವೆ ವಿಡಿಯೋಗೆ" ಅಂದ.

"ಅನ್ನದ ಮುಂದೆ ಅನ್ನೋ ಮಾತೇನಪ್ಪ ಅದು?"

"ಹೊಗಳೋದಜ್ಜಿ, ಹೊಗಳೋದು! ಬೇಜಾರು ಮಾಡ್ಕೋಬೇಡಿ."

ಅವಳು ಎಲೆ ಮುಂದಿಂದ ಎದ್ದಳು. ಬಡಿಸಿದ ಎಲೆ ಬಿಟ್ಟು ಎದ್ದದ್ದು ನಾನು ಕಂಡಂತೆ ಅವಳ ಬಾಳಲ್ಲಿ ಅದೇ ಮೊದಲು. ಬಸ್ಸಲ್ಲಿ ಹುಣಸೂರಿಗೆ ಬಂದ್ವಿ. ಅಲ್ಲಿ ಇಳಿದ್ಮೇಲೆ ಎಲ್ಲ ಬಿಡಿಸಿ ಹೇಳಿದೆ. ಕೇಳಿಸ್ಕೊಂಡು, "ಅಂಗಾರೆ ಆ ಡ್ರೈವರ್ರೂ ಅದ್ನ ಒಗಳಿಕೆ ಅಂತ್ಲೇ ತಿಳ್ಕಂಡವ್ನಾ?" ಅಂದಳು. ಅವನಿಗೆ ಚೆನ್ನಾಗಿ ಗೊತ್ತು ದೊಡ್ಡವ್ವ, ಗೊತ್ತಿದ್ದೂ ನಗ್ತಾನೆ ಅಂದೆ. ಅವಳು ಊರಿಗೆ ಹೋದವಳೇ ಪೊರಕೆ ತಗೊಂಡು ಆ ಜಾಗ ತಾನೇ ಗುಡಿಸಿದಳಂತೆ. ಸೊಸೆ ಫೋನ್ ಮಾಡಿ ಹೇಳಿದಳು.

ಅಷ್ಟಾದ್ರೂ ಅವಳು ಕೈ ಚೆಲ್ಲಲಿಲ್ಲ. ಗ್ರಾಮಸಭೆಗೆ ಹೋದಳು, ನಾನೂ ಅಂಗಡಿ ಬಾಗಿಲು ಹಾಕಿ ಜೊತೆಗೆ ಹೋದೆ. ಅವಳ ಸರದಿ ಬಂದು ಎದ್ದು ನಿಂತಿದ್ದೇ ತಡ, ಹಿಂದಿನ ಬೆಂಚಲ್ಲಿ ಕಿಸಿಕಿಸಿ ಶುರುವಾಯ್ತು. ಮೊಬೈಲುಗಳು ಮೇಲೆದ್ದವು. ಎಲ್ಲರೂ ಆ ಒಂದು ಮಾತಿಗೆ ಕಾಯ್ತಿದ್ದಾರೆ. ಅವಳು ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದಳು. ನೀರಿನ ಮೇಲಿನ ಜಿಡ್ಡು, ನಾಯಿಗಳ ಕಾಟ, ಬಾಯಾರಿಕೆ ತಡೀದೆ ಆ ನೀರೇ ಕುಡಿದು ಭೇದಿ ಹತ್ತಿ ಮಲಗಿರೋ ಕಡಸು. ಸಭೆಗೆ ಬಂದಿದ್ದ ತಾಲೂಕು ಸಾಹೇಬರು "ಅಜ್ಜಿ, ನೀವೀಗ ನಮಗಿಂತ ಫೇಮಸ್ಸು, ನಿಮ್ಮ ಕೆಲಸ ಆಗದೆ ಇರುತ್ತಾ" ಅಂತ ನಕ್ಕರು. ಚಪ್ಪಾಳೆ ಬಿತ್ತು. ಯಾವುದಕ್ಕೆ ಚಪ್ಪಾಳೆ ಅಂತ ಇವತ್ತಿಗೂ ನನಗೆ ತಿಳೀದು. ಹೊರಗೆ ಬಂದ್ಮೇಲೆ, "ನಾನ್ ಏನ್ ಯೋಳಿದ್ರೂ ನಗ್ತಾರಲ್ಲ ಕಣವ್ವ. ಇನ್ನ ಯಾವ್ ಮಾತ್ನಾಗೆ ಯೋಳ್ಲಿ?" ಅಂತ ಕೇಳಿದಳು. ನನಗೆ ಬೇರೆ ಮಾತು ಗೊತ್ತಿದ್ರೆ ತಾನೇ ಹೇಳಿಕೊಡೋಕೆ.

ಕಡಸು ಸತ್ತುಹೋಯ್ತು. ಆ ಸುದ್ದಿ ಕೇಳಿ ನಾನು ಊರಿಗೆ ಹೋಗಿ ಉಳ್ಕೊಂಡೆ. ಮಾರನೇ ಬೆಳಗ್ಗೆ ಆಟೋ ಸದ್ದಿಗೆ ಮೊದಲು ಹಾಡಿನ ಸದ್ದು ಬಂತು. ಹಾಡಲ್ಲ, ದೊಡ್ಡವ್ವನ ಗಂಟಲು. ಅದನ್ನೇ ತಾಳಕ್ಕೆ ಕೂರಿಸಿ, ಥೂ ಥೂ ಏಸ್ಗೆ, ಥೂ ಥೂ ಏಸ್ಗೆ ಅಂತ ಯಾರೋ ಮಾಡಿದ್ದನ್ನ ಅವನು ಸ್ಪೀಕರಲ್ಲಿ ಹಾಕ್ಕೊಂಡು ಬರ್ತಿದ್ದಾನೆ. ನಾನು ಒನಕೆ ಸಿಕ್ಕಿದ್ರೆ ಒನಕೇನೇ ಎತ್ಕೊಂಡು ಹೋಗ್ತಿದ್ದೆ. ದೊಡ್ಡವ್ವ ನನ್ನ ರಟ್ಟೆ ಹಿಡಿದು ಹಿಂದಕ್ಕೆ ತಳ್ಳಿ, ತಾನೇ ಹೋಗಿ, ಆ ಆಟೋ ಮುಂದೆ ಕೈ ಮುಗಿದಳು. ನನ್ನ ದೊಡ್ಡವ್ವ! ಊರ ಗಂಡಸರನ್ನ ನಿಂತಲ್ಲೇ ಬೆವರಿಸಿದವಳು!

"ಬ್ಯಾಡ ಕಣಪ್ಪ. ಒಂದ್ ಕಡ್ಸು ಓಯ್ತು. ಇರೋ ಎಲ್ಡ್ ಅಸ್ವಾದ್ರೂ ಉಳ್ಕಳ್ಲಿ."

ಅವನಿಗೆ ಇರುಸುಮುರುಸಾಯ್ತು. ಅವನೂ ಕಟುಕ ಅಲ್ಲ ಅಂತ ಕಾಣುತ್ತೆ. ತಲೆ ಕೆರ್ಕೊಂಡ, ಆಮೇಲೆ ಮೊಬೈಲ್ ತೆಗೆದ.

"ಅಳಬ್ಯಾಡ ಬುಡಜ್ಜಿ. ಒಂದು ಕೆಲ್ಸ ಮಾಡು. ನನ್ನ ಹೆಸ್ರು ಹೇಳಿ ಒಂದು ಡೈಲಾಗ್ ಹೊಡಿ. ಇವತ್ತು ಇಲ್ಲಿ ಹಾಕಲ್ಲ, ದೇವ್ರಾಣೆ."

"ಬೇಡ ದೊಡ್ಡವ್ವ, ಒಳಗೆ ಬಾ" ಅಂತ ಕೂಗಿದೆ. ಅವಳು ತಿರುಗಿ ನೋಡಲಿಲ್ಲ. "ಅಸ ನೀರ್ ಕುಡೀಬೇಕಲ್ಲ ಕಣವ್ವ" ಅಂದಳು, ಅಷ್ಟೇ. ಸೆರಗು ಸರಿ ಮಾಡ್ಕೊಂಡು ಎಡಕ್ಕೆ ತಿರುಗಿದಳು. ಥೂ ಅಂದಳು. ಮಗು ಸೀನಿದಷ್ಟು ಸಣ್ಣ ದನಿ.

"ಫೀಲ್ ಬರ್ಲಿಲ್ಲ ಅಜ್ಜಿ. ಸಿಟ್ಟು ಮಾಡ್ಕೊಂಡು ಹೇಳ್ಬೇಕು. ನನ್ನ ಕಂಡ್ರೆ ಅಸಹ್ಯ ಆಗ್ತದೆ ಅನ್ನಂಗೆ."

ಮತ್ತೆ ಅಂದಳು. ಮತ್ತೆ ಬೇಡ ಅಂದ. ಕೊನೆಗೊಂದು ಸಲ ಕತ್ತಿನ ನರ ಎದ್ದಿತು. ಅವನು "ಬೆಂಕಿ!" ಅಂತ ಕುಣಿದ, ಅವಳ ಕಾಲಿಗೆ ಬೇರೆ ಬಿದ್ದ. ಹೇಳಿದ ಮಾತಿಗೆ ತಪ್ಪದೆ ಚೀಲ ಸಮೇತ ಹೊರಟು ಹೋದ. ಆ ಚೀಲಗಳು ಪಕ್ಕದೂರಿನ ಕೆರೆಗೆ ಬಿದ್ದವು ಅಂತ ಮಧ್ಯಾಹ್ನದ ಹೊತ್ತಿಗೆ ಗೊತ್ತಾಯ್ತು. ನಾನು ಅವಳಿಗೆ ಹೇಳಲಿಲ್ಲ.

ದಿನಾ ಅವನ ಮೊಬೈಲಿಗೆ ಉಗಿದು ಆಟೋ ವಾಪಸ್ ಕಳಿಸೋದು ವಾಡಿಕೆ ಆಗೋಗಿದೆ ಅಂತ ಸೊಸೆ ಫೋನಲ್ಲಿ ಅಂದಾಗ ನಾನು ನಂಬಲಿಲ್ಲ. ಮೊನ್ನೆ ಹೋಗಿ ನೋಡಿದೆ. ದೊಡ್ಡವ್ವ ಹಾಲು ಕರೆದಿಟ್ಟು, ಮುಖ ತೊಳೆದು, ಒಗೆದ ಸೀರೆ ಉಟ್ಕೊಂಡು, ಆಟೋ ಬರೋಕೆ ಮುಂಚೇನೇ ಏರಿ ಮೇಲೆ ನಿಂತಿದ್ದಳು. ಕೈಲೊಂದು ನೀರಿನ ಚೊಂಬು. ಇದ್ಯಾಕೆ ಅಂತ ಕೇಳಿದೆ.

"ಬಾಯಿ ಒಣಗೋಯ್ತದೆ ಕಣವ್ವ. ಉಗುಳು ಬರಾಕಿಲ್ಲ."

ರಸ್ತೆ ತಿರುವಲ್ಲಿ ಸದ್ದು ಕೇಳಿದ ಕೂಡಲೇ ಒಂದು ಗುಟುಕು ನೀರು ಕುಡಿದು ಚೊಂಬನ್ನ ನನ್ನ ಕೈಗೆ ಕೊಟ್ಟಳು.